ಎರಡು ಲೈನಿಗೆ ಒಂದು ಬಾವುಟ

ಡಿಸೆಂಬರ್ 18, 2024. ಬೆಳಿಗ್ಗೆ
ಕಾಫಿ ಆಯಿತು. ಬಾಗಿಲಿಗೆ ರಂಗೋಲಿ ಹಾಕಿ ಬಂದೆ, ಸೊಂಟ ಹಿಡಿದುಕೊಂಡಿದೆ. ಮತ್ತೆ ಅದೇ ಬಾವುಟದ ಮುಂದೆ. ಮಿಲ್ ಕಾಲೊನಿಯ ಹಳಬರೆಲ್ಲ ಪೊಂಗಲ್ ಮಾರನೇ ದಿನ ಸಿಂಗಾನಲ್ಲೂರಿನಲ್ಲಿ ಸೇರುವುದು. ಮೇಲಿನ ಲೈನ್ ಮನೆಗಳಲ್ಲಿ ತಮಿಳುನಾಡಿಗೆ ಬಂದು ನೆಲೆಸಿದ ಕನ್ನಡದವರು ನಾವು, ಕೆಳಗಿನ ಲೈನ್ ತಮಿಳರು. ಕಾವೇರಿ ಗಲಾಟೆಯ ವರ್ಷ ಬಿಟ್ಟ ಮಾತು... ಈಗ ಇಬ್ಬರಿಗೂ ಸೇರಿ ಒಂದು ಬಾವುಟ ಬೇಕಂತೆ. ಡ್ರಾಯಿಂಗ್ ಟೀಚರ್ ಆಗಿದ್ದ ತಪ್ಪಿಗೆ ನನ್ನ ತಲೆಗೆ ಕಟ್ಟಿದರು.
ಬಾವುಟ ಹೇಗೋ ಆಗುತ್ತೆ. ಕೆಳಗಿನ ಲೈನಿನ ನನ್ನ ಗೆಳತಿ ಶಿವಗಾಮಿ ಬರಬೇಕು. ನನಗೆ ಅಷ್ಟೇ ಬೇಕು.

ಡಿಸೆಂಬರ್ 21
ಅರಿಶಿನ, ಕುಂಕುಮದ ಬಣ್ಣ ಹಾಕಿದೆ. ಎರಡೂ ಲೈನಿನ ದೇವರ ತಟ್ಟೆಯಲ್ಲಿ ಇರುವುದು ಅದೇ ತಾನೇ ಅಂತ. ಕೆಳಗಿನ ಲೈನಿನ ದೇವರಾಜನ್ ಫೋನಿನಲ್ಲಿ ನೋಡಿ ನಕ್ಕರು. "ಟೀಚರ್, ಇದು ನಿಮ್ಮವರ ಕನ್ನಡ ಬಾವುಟ ಅಲ್ವಾ!" ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ಬೇರೆ ಬಣ್ಣ ಹುಡುಕಿದರೆ ಒಂದೊಂದೂ ಒಂದೊಂದು ಪಾರ್ಟಿಯದು. ಈ ಊರಲ್ಲಿ ಯಾರಿಗೂ ಸೇರದ ಬಣ್ಣವೇ ಉಳಿದಿಲ್ಲ.

ಡಿಸೆಂಬರ್ 24
ಶಿವಗಾಮಿಯ ನಂಬರ್ ಸಿಕ್ಕಿತು. ಸೂಲೂರಿನಲ್ಲಿದ್ದಾಳೆ. ಕನ್ನಡದಲ್ಲೇ ಮಾತಾಡಿಸಿದೆ. ನಮ್ಮ ಅಡುಗೆಮನೆಯಲ್ಲಿ ಕೂತು ಕಲಿತ ಕನ್ನಡ ಅವಳದು.
"ಎನಕ್ಕು ಕನ್ನಡಂ ಮರಂದು ಪೋಚ್ಚು."
ಮರೆತುಹೋಯಿತಂತೆ. ಆ ಗಲಾಟೆಯಲ್ಲಿ ಬೆಂಗಳೂರಿನ ಅವಳ ಅಣ್ಣನ ಟೀ ಅಂಗಡಿ ಸುಟ್ಟರಲ್ಲ, ಆವತ್ತಿನಿಂದ. ಬರ್ತೀಯಾ ಎಂದೆ. "ಪಾಪ್ಪೋಂ." ನೋಡೋಣ ಅಂತ. ಫೋನ್ ಇಟ್ಟುಬಿಟ್ಟಳು.
ತುಂಬ ಅಳು ಬಂತು. ಮನೆಯಲ್ಲಿ ಕನ್ನಡ ಓದಲು ಬರುವವರು ಯಾರೂ ಇಲ್ಲ, ಅತ್ತದ್ದನ್ನು ಬರೆದರೇನು.

ಜನವರಿ 3
ಮಾರ್ಗಳಿ ತಿಂಗಳ ಚಳಿ. ರಂಗೋಲಿಗೆ ಚುಕ್ಕಿ ಇಡುವಾಗ ನೆನಪಾಯಿತು. ಎರಡು ಲೈನಿನ ನಡುವೆ ನಲ್ಲಿ, ಅದರ ಪಕ್ಕ ನನ್ನದೂ ಶಿವಗಾಮಿಯದೂ ಸೇರಿ ಒಂದೇ ರಂಗೋಲಿ. ಚುಕ್ಕಿ (ಅವಳ ಬಾಯಲ್ಲಿ ಪುಳ್ಳಿ) ನನ್ನ ಕೆಲಸ. ಸುತ್ತುವ ಗೆರೆ ಅವಳದು. ನಾನಿಟ್ಟ ಪುಳ್ಳಿ ಸೊಟ್ಟ ಅಂತ ದಿನಾ ಬೈಗುಳ. ಎಷ್ಟು ಚೆನ್ನಾಗಿತ್ತು ಆ ಬೈಗುಳ!
ಮಗ ವಾದೀಶ ತಿರುಪ್ಪೂರಿನಿಂದ ಬಣ್ಣ ಹಾಕದ ಬಟ್ಟೆ ತಂದ. ಅದರ ಮೇಲೆ ರಂಗೋಲಿಯ ಕೆಮ್ಮಣ್ಣಿನ ಬಣ್ಣದಲ್ಲಿ ಬರೀ ಚುಕ್ಕಿ ಇಟ್ಟೆ.
"ಅಮ್ಮಾ, ಮಿಕ್ಕಿದ್ದು ಮುಗಿಸಲ್ವಾ?"
"ಅದು ನನ್ನ ಕೆಲಸ ಅಲ್ಲ ಕಣೋ."

ಜನವರಿ 15, ಸಂಜೆ
ಕಾಲು ಊದಿದೆ. ಆದರೂ ಬರೆಯಬೇಕು. ಸಿಂಗಾನಲ್ಲೂರಿನಲ್ಲಿ ಎಲ್ಲರ ಊಟ ಮುಗಿದರೂ ಶಿವಗಾಮಿ ಇಲ್ಲ. ಗೋಡೆಯ ಮೇಲೆ ನನ್ನ ಬಾವುಟ. ಇದೇನು ಅರ್ಧಂಬರ್ಧ ಎಂದು ಎರಡೂ ಲೈನಿನವರು ಒಟ್ಟಿಗೇ ಗೇಲಿ ಮಾಡಿದರು. ಅಷ್ಟರಮಟ್ಟಿಗೆ ಒಗ್ಗಟ್ಟು! ಇನ್ನು ಬರಲಾರಳು ಅಂತ ಬಣ್ಣದ ಡಬ್ಬಿ ಮುಚ್ಚುತ್ತಿದ್ದೆ. ಹಿಂದಿನಿಂದ ದನಿ. ಕನ್ನಡದಲ್ಲಿ.
"ಪುಳ್ಳಿ ಇನ್ನೂ ಸೊಟ್ಟಕ್ಕೇ ಇಡ್ತೀಯಲ್ಲೇ ವಾರಿ. ತಾ ಆ ಬ್ರಷ್ಷು."
ನನ್ನನ್ನು ವಾರಿ ಅಂತ ಕರೆಯುವುದು ಅವಳೊಬ್ಬಳೇ. ಕೂದಲೆಲ್ಲ ಬಿಳಿ. ಕೈ ಮಾತ್ರ ಅದೇ. ಮೊದಲ ಚುಕ್ಕಿ ಸುತ್ತಿ ಎರಡನೆಯದರ ಹತ್ತಿರ ಬರುವಾಗ ನಾನು ಮುಚ್ಚಿದ ಡಬ್ಬಿ ಮತ್ತೆ ತೆರೆದು ಅವಳ ಕೈಗೆಟುಕುವಂತೆ ಹಿಡಿದೆ.