ಓದಿದ್ದು ಪೀಠಿಕೆ, ಆಗಿದ್ದು ಒಪ್ಪಿಗೆ

ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಾದ ಮಾನ್ಯರೇ,

ನಡೆಯದ ಗ್ರಾಮಸಭೆಯೊಂದರಲ್ಲಿ ನಾನು ಕೈಯೆತ್ತಿದ್ದೇನೆಂದು ನಿಮ್ಮ ನಡಾವಳಿ ಪುಸ್ತಕದಿಂದ ತಿಳಿದು ಧನ್ಯನಾದೆ. ನಮ್ಮೂರ ಗುಂಡುತೋಪನ್ನು ಕಸ ವಿಲೇವಾರಿ ಘಟಕಕ್ಕೆ ಬಿಟ್ಟುಕೊಡಲು 'ಗ್ರಾಮಸ್ಥರು ಸರ್ವಾನುಮತದಿಂದ ಒಪ್ಪಿದ' ನಿರ್ಣಯದ ಕೆಳಗೆ ನೂರಾಹನ್ನೆರಡು ಸಹಿಗಳಿವೆ. ನಲವತ್ತೊಂದನೆಯದು ನನ್ನದು. ನಕಲಿಯಲ್ಲ, ಅಸಲಿ. ನಿಮ್ಮ ಕೈಚಳಕ ಇರುವುದೇ ಅಲ್ಲಿ.

ಪ್ರಜಾಪ್ರಭುತ್ವ ದಿನದಂದು ಶಾಲೆಯ ಅಂಗಳದಲ್ಲಿ ನಮ್ಮನ್ನೆಲ್ಲ ನಿಲ್ಲಿಸಿ ಸಂವಿಧಾನದ ಪೀಠಿಕೆ ಓದಿಸಿದಿರಿ. ಓದಿದವರಿಗೆ ಬೂಂದಿ ಪೊಟ್ಟಣ. ಪೊಟ್ಟಣಕ್ಕೆ ಮೊದಲು ಹಾಜರಾತಿ ಸಹಿ. ಹಾಳೆಯ ನೆತ್ತಿ ಬೋಳಾಗಿತ್ತು; ಅಲ್ಲಿ ನಿರ್ಣಯ ಮೊಳೆತದ್ದು ಆಮೇಲೆ. ರಾಜ್ಯಶಾಸ್ತ್ರದಲ್ಲಿ ಬಿ.ಎ. ಮಾಡಿದ ನಾನು ನೋಡಿಯೂ ಕೇಳಲಿಲ್ಲ. ಹಿಂದೆ ನಿಂತಿದ್ದ ಎಪ್ಪತ್ತರ ಕೆಂಚಮ್ಮನವರಿಗೆ ನಿಮ್ಮ ಸಿಬ್ಬಂದಿ ಇಂಕ್ ಪ್ಯಾಡ್ ಚಾಚಿದರು. "ಹೆಬ್ಬೆಟ್ಟೊತ್ತೋ ಕಾಲ ಹೋಯ್ತು ಕಣಪ್ಪ. ಸಾಕ್ಷರತೆ ಕ್ಲಾಸಲ್ಲಿ ಆರು ತಿಂಗ್ಳು ತಿದ್ದಿವ್ನಿ, ಪೆನ್ನು ಕೊಡಿಲ್ಲಿ" ಎಂದರು. ಪೆನ್ನು ದಾಟಿಸಿದವನು ನಾನೇ. ಅವರ ಮನೆ ತೋಪಿನ ಮಗ್ಗುಲಿಗಿದೆ. ಅವರು ಆಯ್ದು ಮಾರುವ ಹೊಂಗೆ ಬೀಜವೂ ಅಲ್ಲಿಯದೇ. ಅಷ್ಟನ್ನೂ ಅವರು ನಿಮಗೆ ಬರೆದುಕೊಟ್ಟಂತಾಯಿತು, ಅದೂ ಮುತ್ತಿನಂಥ ಅಕ್ಷರದಲ್ಲಿ.

ಕಾಲೇಜಿನಲ್ಲಿ ನಮಗೆ ಕಲಿಸಿದ್ದು ಬೇರೆ. ಗ್ರೀಕರು ಊರ ಗುಡ್ಡದ ಮೇಲೆ ಸೇರಿ ಕೈಯೆತ್ತಿ ಆಳುತ್ತಿದ್ದರು. ಅರಸನಿಗೆ ಅಧಿಕಾರ ಕೊಟ್ಟವನು ದೇವರಲ್ಲ, ಆಳಿಸಿಕೊಳ್ಳುವವರ ಒಪ್ಪಿಗೆಯೇ ಅದರ ಬುಡ ಎಂಬ ಮಾತು ಬೇರೂರಲು ಮತ್ತೆ ಎರಡು ಸಾವಿರ ವರ್ಷ ಬೇಕಾಯಿತು. ಪಾಪ, ನಿಧಾನದ ಜನ. ನೀವು ಒಂದೇ ಬೆಳಿಗ್ಗೆ ಮುಗಿಸಿದಿರಿ. ಗ್ರೀಕರು ಹೆಂಗಸರನ್ನು ಸಭೆಗೆ ಸೇರಿಸಲಿಲ್ಲ. ನೀವು ಸಭೆಯನ್ನೇ ಸೇರಿಸದೆ ಕೆಂಚಮ್ಮನವರನ್ನು ಸೇರಿಸಿಕೊಂಡಿರಿ. ಇದು ಪ್ರಗತಿಯಲ್ಲವೆ? ಹಿಂದಿನ ಅರಸರು ತಮಗಾಗದವರನ್ನು ಕಬ್ಬಾಳದುರ್ಗದ ಮೇಲೆ ಕೂಡಿಹಾಕುತ್ತಿದ್ದರಂತೆ. 'ನನ್ನನ್ನು ಕೂಡಿಹಾಕಿ' ಎಂಬ ಅರ್ಜಿಗೆ ಅವರು ಕೈದಿಯ ಸಹಿ ಪಡೆದದ್ದನ್ನು ಮಾತ್ರ ನಾನು ಕೇಳಿಲ್ಲ. ಬಾಯಿಗೆ ಪೀಠಿಕೆ, ಬೂಂದಿಗೆ ಒಪ್ಪಿಗೆ, ತೋಪು ತಿಪ್ಪೆಗೆ: ಇಷ್ಟು ಪ್ರಾಸಬದ್ಧ ಆಡಳಿತ ಅವರಿಗೆ ಒಲಿದಿರಲಿಲ್ಲ.

ನಾನೂ ಕೆಂಚಮ್ಮನವರೂ ಕಚೇರಿಗೆ ಬಂದಾಗ ನೀವು ತಲೆಯೆತ್ತದೆ ಕೇಳಿದಿರಿ: "ಸೈನ್ ನಿಮ್ದೇ ತಾನೇ?"

"ನಮ್ದೇ ಸಾರ್."

"ಮತ್ತಿನ್ನೇನು? ಜನಗಳೇ ಒಪ್ಪವ್ರೆ."

ಮೆಟ್ಟಿಲಿಳಿಯುವಾಗ ಕೆಂಚಮ್ಮನವರು, "ಅಲ್ಲ ಕಣಪ್ಪ ಮಹೇಂದ್ರ, ನೀನು ಓದ್ದೋನು. ಮೇಲ್ಗಡೆ ಏನ್ ಬರ್ದವ್ರೆ ಅಂತ ಒಸಿ ನೋಡ್ಬಾರ್ದಿತ್ತಾ?" ಎಂದರು.

"ಏನೂ ಬರ್ದಿರ್ಲಿಲ್ಲ ಕಣಮ್ಮ."

"ಅದ್ಕೇ ಕೇಳ್ಬೇಕಿತ್ತು."

ಮೂರು ವರ್ಷ ಓದಿದ ರಾಜ್ಯಶಾಸ್ತ್ರದಲ್ಲಿ ಆ ಎರಡು ಪದ ಇರಲಿಲ್ಲ.

ಆದ್ದರಿಂದ ಈಗ ಕೇಳುತ್ತಿದ್ದೇನೆ. ಆ ನಿರ್ಣಯ ರದ್ದಾಗಬೇಕು. ತಮಟೆ ಹೊಡೆಸಿ, ತೋಪಿನ ನೆರಳಲ್ಲೇ ಗ್ರಾಮಸಭೆ ಕರೆಯಿರಿ. ನೆರಳು ಇನ್ನೂ ಇದೆ. ನಿರ್ಣಯವನ್ನು ಮೈಕಿನಲ್ಲಿ ಓದಿ, ನಮ್ಮ ಬೈಗುಳ ಕೇಳಿ, ಪೆನ್ನು ಆಮೇಲೆ ಕೊಡಿ. ಬೂಂದಿ ಬೇಡ. ಮೊನ್ನೆ ಹಾಲಿನ ಡೇರಿ ಸಭೆಯಲ್ಲಿ ಕೆಂಚಮ್ಮನವರು ಪೆನ್ನು ಪಕ್ಕಕ್ಕೆ ಸರಿಸಿ ಹೆಬ್ಬೆಟ್ಟು ಚಾಚಿದರು. ಅವರು ಮತ್ತೆ ಪೆನ್ನು ಹಿಡಿಯುವಂತಾದರೆ ಮಾತ್ರ ನಮ್ಮಿಂದ ಓದಿಸಿದ ಪೀಠಿಕೆಯನ್ನು ನೀವೂ ಓದಿದಂತೆ.

ಇಂತಿ,
ಖಾಲಿ ಹಾಳೆಗೆ ಸಹಿ ಹಾಕಿದ ಪದವೀಧರ,
ಕ್ರಮ ಸಂಖ್ಯೆ ನಲವತ್ತೊಂದು,
ಮಾಗಡಿ ತಾಲ್ಲೂಕು