ಮಣೆಯ ಮೇಲೆ ಇಂಗ್ಲಿಷ್

ಮೇ 6, ಬೆಳಿಗ್ಗೆ

ಗೆಟ್ ಅಪ್, ಲುಕ್ ಆಫ್ಟರ್, ಪುಟ್ ಅಪ್ ವಿತ್ ಮೊದಲಾದ ಸಕಲ ಫ್ರೇಜಲ್ ವರ್ಬ್ ಮಹಾಪ್ರಭುಗಳ ಪಾದಾರವಿಂದಗಳಿಗೆ, ಉಮದಿ ಗ್ರಾಮದ ಮಂಗಲಳು ಬಾಗಿಲು ಮುಚ್ಚಿದ ಕೋಣೆಯೊಳಗಿಂದ ಮಾಡುವ ಸಾಷ್ಟಾಂಗ ನಮಸ್ಕಾರ. ಇಂದೂ ದರ್ಶನ ಕೊಟ್ಟಿರಿ. ಧನ್ಯಳಾದೆ.

ಅಣ್ಣ ಗುರುಸಿದ್ದ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಾನೆ. ಬಾಯಿಪಾಠ ಒಪ್ಪಿಸಿದರೆ ಚಹಾ. ಲುಕ್ ಆಫ್ಟರ್ ಎಂದರೆ ಜೋಪಾನ ಮಾಡುವುದು — ಆಡನ್ನು, ಅತ್ತೆಯನ್ನು. ಪುಟ್ ಅಪ್ ವಿತ್ ಎಂದರೆ ಸಹಿಸಿಕೊಳ್ಳುವುದು. ಉದಾಹರಣೆ ಕೇಳಿದ. ಅವನ ಮುಖವನ್ನೇ ನೋಡುತ್ತ ಕೂತೆ.

ಮೇ 7

ಇಷ್ಟೆಲ್ಲ ಯಾಕೆಂದರೆ, ಸಾಂಗಲಿಯಿಂದ ನನಗೊಂದು ಸ್ಥಳ ಬಂದಿದೆ. ಅಂದರೆ ವರ. ಹೆಸರು ರಾಜಕುಮಾರ, ಒಣದ್ರಾಕ್ಷಿ ವ್ಯಾಪಾರ. ಮಾಲು ದುಬೈಗೆ ಹೋಗುತ್ತದಂತೆ. ಗಿರಾಕಿಗಳ ಜೊತೆ ಫೋನಿನಲ್ಲಿ ಇಂಗ್ಲಿಷ್ ಮಾತಾಡುವ ಹೆಂಡತಿ ಬೇಕಂತೆ.

ನನಗೆ ವಿಜಯಪುರದಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ. ಅಪ್ಪ ಅಂದದ್ದು ಇಷ್ಟೇ: "ಈ ಸ್ಥಳ ಮುರೀತಂದ್ರ ಕಲೀಲಿಕ್ಕೆ ಹೋಗವ್ವಾ. ನಾ ಅಡ್ಡ ಬರೂದಿಲ್ಲ."

ಮುರಿಯಬೇಕು. ವಿಧ್ಯುಕ್ತವಾಗಿ ಮುರಿಯಬೇಕು.

ಮೇ 11, ಮಧ್ಯಾಹ್ನ

ಅವರು ನೋಡಲು ಬಂದಾಗ ಹೇಳುವ ತಪ್ಪು ಅರ್ಥಗಳ ತಯಾರಿ ಜೋರಾಗಿದೆ. ರನ್ ಔಟ್ ಆಫ್ — ಮುಗಿದುಹೋಗುವುದು. ನಾನು ಹೇಳಲಿರುವುದು, ಓಡುತ್ತ ಹೊರಗೆ ಹೋಗುವುದು. ಆದರೆ ಸರಿ ಗೊತ್ತಿಲ್ಲದೆ ತಪ್ಪು ಹೇಳಲು ಬರುವುದಿಲ್ಲ... ಅಕಸ್ಮಾತ್ ಸರಿಯಾಗಿಬಿಟ್ಟರೆ? ಹಾಗಾಗಿ ಎಲ್ಲವನ್ನೂ ಕಲಿತೆ. ಅಣ್ಣನಿಗೆ ಆನಂದಬಾಷ್ಪ.

ಮೇ 15, ಸಂಜೆ

ಬಂದರು. ಹೋದರು. ಸ್ಥಳ ಗಟ್ಟಿಯಾಯಿತು.

ಮಣೆಯ ಮೇಲೆ ಕೂರಿಸಿದರು. ತಲೆಯ ಮೇಲೆ ಸೆರಗು, ಎಲ್ಲರ ಕೈಯಲ್ಲಿ ಪೋಹೆ, ಅಂದರೆ ಅವಲಕ್ಕಿಯ ತಾಟು. ವರನ ಅಕ್ಕ ರೂಪಾಲಿ ಇಂಗ್ಲಿಷ್ ಟೀಚರ್. ಗಿವ್ ಅಪ್ ಎಂದರೇನು ಎಂದು ಕೇಳಿದಳು. ಮೇಲಕ್ಕೆ ಎತ್ತಿ ಕೊಡುವುದು ಅಂದೆ, ಪುರಾಣ ಹೇಳುವ ಸ್ವಾಮಿಗಳ ಮುಖ ಮಾಡಿ. ರನ್ ಔಟ್ ಆಫ್? ಓಡುತ್ತ ಹೊರಗೆ ಹೋಗುವುದು. ಅಣ್ಣ ಗೋಡೆ ಹಿಡಿದ.

ಆಗ ಅವಳು, ಕನ್ನಡ ಸಾಲಿಯ ಹುಡುಗಿಗೆ ಇನ್ನೆಷ್ಟು ಗೊತ್ತಿರುತ್ತದೆ ಎಂದು ಮರಾಠಿಯಲ್ಲಿ ನಕ್ಕಳು. ನಮ್ಮ ಸಾಲಿಯ ಮಾನದ ಪ್ರಶ್ನೆ. ಗಿವ್ ಅಪ್ ಎಂದರೆ ಕೈಬಿಡುವುದು ಎಂದು ಶುರು ಮಾಡಿದವಳು, ಕಲಿತದ್ದನ್ನೆಲ್ಲ ಉದಾಹರಣೆ ಸಮೇತ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಮೊದಲು ಹೇಳಿದ್ದು ಚೇಷ್ಟೆ ಎಂದು ಅವರಿಗೆ ಭಾಳ ಖುಷಿ. ಉಡಿಯಲ್ಲಿ ತೆಂಗಿನಕಾಯಿ ಬಿತ್ತು.

ಮೇ 23

ಸೀಟಿಗೆ ಫೀ ಕಟ್ಟುವ ಕಡೆಯ ದಿನ ನಿನ್ನೆ ಮುಗಿಯಿತು. ಮನೆ ತುಂಬ ಸೀರೆ ಅಂಗಡಿಯ ಚೀಲಗಳು.

ಅಂದು ಬರೆದ ಸಾಲಿಯ ಮಾನದ ಮಾತು ಸುಳ್ಳು. ರೂಪಾಲಿ ಅಂಥದ್ದೇನೂ ಅಂದಿರಲಿಲ್ಲ. ಹಂಗಿಸಲೂ ಇಲ್ಲ, ನಗಲೂ ಇಲ್ಲ. "ಪಾಪ, ಇರ್ಲಿ ಬಿಡವ್ವಾ" ಎಂದು ಬೆನ್ನು ಸವರಿ ಎದ್ದಿದ್ದಳು. ಸ್ಥಳ ಮುರಿದೇ ಹೋಗಿತ್ತು. ಅಂಗಳದಲ್ಲಿ ಎಲ್ಲರೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ನಾನೇ ಮಣೆ ಬಿಟ್ಟೆದ್ದು ಹೊಸ್ತಿಲ ತನಕ ಹೋದೆ.

"ಅಕ್ಕಾರ, ಇನ್ನೊಮ್ಮೆ ಕೇಳ್ರಿ."

ಯಾರೂ ಒತ್ತಾಯ ಮಾಡಿರಲಿಲ್ಲ. ಬರೇ ಆ "ಪಾಪ" ಅನ್ನೋದನ್ನ ಸಹಿಸಿಕೊಳ್ಳಲು ನನಗೆ —