ಹಗುರಾಗಬೇಕೆಂದು ಹೋದವನು

ಈರೋಡು, 12-2-1983

ದೊಡ್ಡತಾಯಕ್ಕನಿಗೆ ನಮಸ್ಕಾರಗಳು.

ಮ್ಯಾರಥಾನ್ ಓಟದಲ್ಲಿ ಹದಿನೆಂಟನೇ ಮೈಲಿಯವರೆಗೂ ನಾನೇ ಮುಂದಿದ್ದೆ. ಆಮೇಲೆ ಕಣ್ಣು ಕತ್ತಲಿಟ್ಟು ಬಿದ್ದೆ. ಈಗ ಆಸ್ಪತ್ರೆಯಲ್ಲಿದ್ದೇನೆ.

ಮೈ ಹಗುರಾದರೆ ಗೆಲ್ಲುತ್ತೇನೆಂದು, ಕಾಡಿನ ಕೆಲಸಕ್ಕೆ ನೀನು ಕಟ್ಟಿಕೊಟ್ಟ ಮುದ್ದೆಯನ್ನು ಎರಡು ತಿಂಗಳು ತಾಳಮಲೆ ದಾರಿಯ ನಾಯಿಗಳಿಗೆ ಹಾಕಿದೆ. ನಾನು ಒಣಗಿದ್ದನ್ನು ಕಂಡು ನೀನು, "ಊಟ ಬುಟ್ಟು ಓಡುದ್ರೆ ಸತ್ತೋಯ್ತೀಯ ಕಣ್ಲಾ" ಅಂದೆ. ಉಣ್ಣುತ್ತಿದ್ದೇನೆಂದು ಸುಳ್ಳು ಹೇಳಿದೆ. ತಪ್ಪಾಯಿತಕ್ಕ.

ಈಗ ನಲವತ್ತೊಂದು ಕಿಲೋ ಇದ್ದೇನೆ. ಹೃದಯ ಸೋತಿದೆ, ಇನ್ನು ಯಾವತ್ತೂ ಓಡಬಾರದು ಎಂದರು ಡಾಕ್ಟರು.

ನನಗೆ ಜ್ವರವೆಂದಷ್ಟೇ ಅವ್ವನಿಗೆ ಹೇಳು. 21ನೇ ತಾರೀಖು ಸೋಮವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಬಸ್ಸಿಳಿದರೆ ಮನೆಗೆ ಅರ್ಧ ಮೈಲಿಯಿದೆ. ಭಾವನಿಗೆ ಹೇಳಿ ಗಾಡಿ ಕಳಿಸು.

ನಿನ್ನ ತಮ್ಮ,
ಬಿಳಿಗಿರಿ